ವೀಲ್ ಕೊಳ್ಳುವಾಗ ಇಂಚು ಆಮೇಲೆ, ಮೊದಲು ತೂಕ

ಅಲಾಯ್ ವೀಲ್ ಬದಲಿಸಬೇಕು ಅಂತ ಬರುವವರು ಮೊದಲು ಕೇಳುವುದು ಇಂಚು. "15 ಇದೆ, 17 ಕೂರುತ್ತದಾ?" ಆಮೇಲೆ ಡಿಸೈನ್, ಆಮೇಲೆ ಬಣ್ಣ, ಕೊನೆಗೆ ರೇಟು. ಈ ವೀಲ್ ಎಷ್ಟು ಕೆಜಿ ತೂಗುತ್ತದೆ ಅಂತ ಕೇಳುವವರು ತೀರಾ ಕಡಿಮೆ. ಕಾರು ಚುರುಕಾಗಿ ಓಡಬೇಕು ಅನ್ನುವವರಿಗೆ ಬೇಕಾದ ಉತ್ತರ ಇರುವುದೇ ಅಲ್ಲಿ.

ಪುಣೆಯಲ್ಲಿ ನನ್ನದು ಟೈರ್ ಮತ್ತು ಅಲೈನ್‌ಮೆಂಟ್ ಕೆಲಸ. ಗಿರಾಕಿಗಳಲ್ಲಿ ನಮ್ಮ ಕಡೆಯವರು ಬಹಳ. ಹಿಂಜವಡಿ, ವಾಕಡ್ ಕಡೆ ನೌಕರಿ ಮಾಡುವ ಧಾರವಾಡ, ಬೆಳಗಾವಿ, ವಿಜಯಪುರದ ಹುಡುಗರು. ವಾರವೆಲ್ಲ ಟ್ರಾಫಿಕ್ಕು, ಭಾನುವಾರ ಬೆಳಿಗ್ಗೆ ತಾಮ್ಹಿಣಿ ಘಾಟ್, ಹಬ್ಬ ಬಂತೆಂದರೆ ಸಾತಾರಾ, ಕೊಲ್ಹಾಪುರ ದಾಟಿ ಊರು. ಕಾರು ಸ್ವಿಫ್ಟೋ ಪೋಲೊವೋ ಐ20 ಎನ್ ಲೈನೋ ಆಗಿರುತ್ತದೆ. ಒಂದು ಟನ್ ಆಸುಪಾಸಿನ ಗಾಡಿಗಳು. ಇಷ್ಟು ಹಗುರ ಗಾಡಿಗೆ ಭಾರದ ವೀಲ್ ಹಾಕಿದರೆ ಅದು ಬೇಗ ಗೊತ್ತಾಗುತ್ತದೆ.

"ಕಾಕಾ, 17 ಹಾಕ್ರಿ, ಲುಕ್ ಬರ್ತದ" ಅಂತ ಒಬ್ಬ ಧಾರವಾಡದ ಹುಡುಗ ಹಟ ಹಿಡಿದಿದ್ದ. "ಲುಕ್ ಬರ್ತದ ತಮ್ಮಾ, ಮೊದ್ಲ ತೂಕಾ ಮಾಡೂಣು ಬಾ" ಅಂದೆ. ಅವನ ಸ್ವಿಫ್ಟಿನ 15 ಇಂಚಿನ ಕಂಪನಿ ವೀಲನ್ನು ಟೈರ್ ಸಮೇತ ತಕ್ಕಡಿ ಮೇಲಿಟ್ಟೆವು. ಸುಮಾರು 15 ಕೆಜಿ. ಅವನು ಇಷ್ಟಪಟ್ಟ 17 ಇಂಚಿನ ಅಗ್ಗದ ವೀಲಿಗೆ 205/45 (ಅಗಲ 205 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇಕಡ 45) ಟೈರ್ ಹಾಕಿದ್ದ ಸೆಟ್ ಒಂದು ಅಲ್ಲೇ ಇತ್ತು. ಅದು 20ರ ಹತ್ತಿರ ತೋರಿಸಿತು. ನಾಲ್ಕಕ್ಕೆ ಲೆಕ್ಕ ಹಾಕಿದರೆ 20 ಕೆಜಿ ಜಾಸ್ತಿ. ಅದೂ ಡಿಕ್ಕಿಯಲ್ಲಿ ಸುಮ್ನೆ ಕೂರುವ ತೂಕ ಅಲ್ಲ, ತಿರುಗುವ ತೂಕ.

ಹಾಗಂತ ಉತ್ಪ್ರೇಕ್ಷೆಯೂ ಬೇಡ. ವೀಲ್‌ನಲ್ಲಿ 1 ಕೆಜಿ ಇಳಿಸಿದರೆ ಕಾರಿನಲ್ಲಿ 10 ಕೆಜಿ ಇಳಿಸಿದ ಹಾಗೆ ಅಂತ ಕೆಲವರು ಹೇಳುತ್ತಾರೆ. ಅದು ಸುಳ್ಳು. ಹಗ್ಗದ ತುದಿಗೆ ಕಲ್ಲು ಕಟ್ಟಿ ತಿರುಗಿಸಿ ನೋಡಿ, ಹಗ್ಗ ಉದ್ದವಾದಷ್ಟೂ ಕೈಗೆ ಶ್ರಮ ಜಾಸ್ತಿ. ಚಕ್ರದಲ್ಲೂ ಅಷ್ಟೇ, ತೂಕ ನಡುವಿನಿಂದ ಎಷ್ಟು ದೂರ ಇದೆ ಅನ್ನುವುದು ಮುಖ್ಯ. 15 ಇಂಚಿನ ರಿಮ್ಮಿನ ಅಂಚಿನಲ್ಲಿರುವ 1 ಕೆಜಿ, ವೇಗ ಪಡೆಯುವಾಗ ಸುಮಾರು 1.4 ಕೆಜಿಯಷ್ಟು ಭಾರ ಅನ್ನಿಸುತ್ತದೆ. ಟೈರಿನ ಹೊರಮೈಯಲ್ಲಿರುವ 1 ಕೆಜಿ ಹತ್ತಿರ ಹತ್ತಿರ 2 ಕೆಜಿಯ ಹಾಗೆ. ಅಷ್ಟೇ, ಅದಕ್ಕಿಂತ ಮೇಲೆ ಹೋಗುವುದಿಲ್ಲ.

ಈ ಲೆಕ್ಕದಲ್ಲಿ ಜನ ಗಮನಿಸದ ಒಂದು ಮಾತಿದೆ. ವೀಲಿಗಿಂತ ಟೈರಿನ ತೂಕವೇ ಜಾಸ್ತಿ ಕಾಡುತ್ತದೆ. ಒಂದೇ ಸೈಜಿನ ಎರಡು ಕಂಪನಿ ಟೈರ್‌ಗಳ ನಡುವೆ ಒಂದು ಕೆಜಿಗೂ ಮೇಲೆ ವ್ಯತ್ಯಾಸ ಇರುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಹಗುರ ವೀಲ್ ತಂದು, ಅದರ ಮೇಲೆ ಭಾರದ ಟೈರ್ ಹಾಕಿಸಿಕೊಂಡು ಹೋಗುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಎರಡನ್ನೂ ಸೇರಿಸಿ ತೂಗಿ. ಅಂಗಡಿಯವರು ಬೇಡ ಅಂದರೆ ಬೇರೆ ಅಂಗಡಿ ನೋಡಿ.

ಹಗುರ ಚಕ್ರದಿಂದ ನಿಜವಾಗಿ ಆಗುವ ಲಾಭ ಪಿಕಪ್‌ಗಿಂತ ಹಿಡಿತದಲ್ಲಿದೆ. ಸ್ಪ್ರಿಂಗಿನ ಕೆಳಗೆ ಇರುವ ಚಕ್ರ, ಅದನ್ನು ಬೋಲ್ಟ್ ಹಾಕಿ ಕೂರಿಸುವ ಹಬ್ಬು, ಬ್ರೇಕು ಎಲ್ಲ ರಸ್ತೆಯ ಏರುತಗ್ಗಿಗೆ ತಕ್ಕಂತೆ ಮೇಲೆ ಕೆಳಗೆ ಆಡುತ್ತಲೇ ಇರಬೇಕು. ಆ ತೂಕ ಕಡಿಮೆ ಆದಷ್ಟೂ ಸ್ಪ್ರಿಂಗ್ ಚಕ್ರವನ್ನು ಬೇಗ ರಸ್ತೆಗೆ ಒತ್ತುತ್ತದೆ. ಸಾತಾರಾ ದಾರಿಯ ಖಂಬಾಟಕಿ ಘಾಟ್ ಇಳಿಯುವಾಗ ತಿರುವಿನ ನಡುವೆ ಒಂದು ಸಣ್ಣ ಉಬ್ಬು ಬಂತೆನ್ನಿ. ಭಾರದ ಚಕ್ರ ಅರೆಕ್ಷಣ ಹಾರಿ ಆಮೇಲೆ ಕೂರುತ್ತದೆ. ಹಗುರವಾದದ್ದು ಅಂಟಿಕೊಂಡೇ ಹೋಗುತ್ತದೆ. ಸ್ಟೇರಿಂಗ್ ಹಿಡಿದವರಿಗೆ ಇದು ಮೊದಲ ದಿನವೇ ತಿಳಿಯುತ್ತದೆ.

ವೀಲ್ ಮಾಡುವ ರೀತಿ ಮೂರು. ಕರಗಿದ ಅಲ್ಯೂಮಿನಿಯಂ ಅಚ್ಚಿಗೆ ಸುರಿದು ಮಾಡುವುದು ಕಾಸ್ಟಿಂಗ್. ಇದರಲ್ಲಿ ಗಟ್ಟಿತನಕ್ಕೆ ದಪ್ಪ ಬೇಕು, ಹಾಗಾಗಿ ಭಾರ. ಎರಡನೆಯದು ಫ್ಲೋ ಫಾರ್ಮಿಂಗ್. ಮುಖವನ್ನು ಅಚ್ಚಿನಲ್ಲಿ ತೆಗೆದು, ಟೈರ್ ಕೂರುವ ಡ್ರಮ್ಮಿನ ಭಾಗವನ್ನು ಬಿಸಿ ಮಾಡಿ ತಿರುಗಿಸುತ್ತಾ ರೋಲರ್‌ನಿಂದ ಒತ್ತಿ ತೆಳುವಾಗಿ ಎಳೆಯುತ್ತಾರೆ. ಲೋಹ ಬಿಗಿಯಾಗುತ್ತದೆ, ತೂಕ ಇಳಿಯುತ್ತದೆ. ಇಳಿಯುವುದೂ ಅಂಚಿನಲ್ಲೇ, ನಮಗೆ ಬೇಕಾದ ಕಡೆ. ಮೂರನೆಯದು ಫೋರ್ಜ್ಡ್, ಭಾರೀ ಒತ್ತಡದಲ್ಲಿ ಒತ್ತಿ ಮಾಡಿದ್ದು. ಜಪಾನಿನ ರೇಸ್ (Rays) ಅನ್ನುವ ಕಂಪನಿಯ ಟಿಇ37 ಅನ್ನುವ ಫೋರ್ಜ್ಡ್ ವೀಲ್ 1996ರಲ್ಲಿ ಬಂದಾಗ 15 ಇಂಚು 6ಜೆ (ಅಂದರೆ 6 ಇಂಚು ಅಗಲದ) ಸೈಜಿನದು ಬರೀ 3.7 ಕೆಜಿ ಇತ್ತು. ಆದರೆ ಫೋರ್ಜ್ಡ್ ಸೆಟ್ ಲಕ್ಷ ದಾಟುತ್ತದೆ. ದಿನಾ ಆಫೀಸಿಗೆ ಹೋಗುವ ಹ್ಯಾಚ್‌ಬ್ಯಾಕಿಗೆ ನನ್ನ ಓಟು ಫ್ಲೋ ಫಾರ್ಮ್‌ಗೆ. 15 ಇಂಚಿನಲ್ಲಿ 6 ಕೆಜಿ ಆಸುಪಾಸಿನದು ಸಿಕ್ಕರೆ ಕಣ್ಣು ಮುಚ್ಚಿ ತೊಗೊಳ್ಳಿ.

ಕಣ್ಣು ಮುಚ್ಚಿ ಅಂದೆ, ಆದರೆ ವೀಲನ್ನು ಮಗುಚಿ ಹಿಂಬದಿ ನೋಡಿಯೇ ತೊಗೊಳ್ಳಿ. ಒಳ್ಳೆಯ ವೀಲಿನ ಸ್ಪೋಕ್ ಬೆನ್ನಿಗೆ ಸೈಜು, ಆಫ್‌ಸೆಟ್ (ಹಬ್ಬಿಗೆ ಕೂರುವ ಮೈ ವೀಲಿನ ಅಗಲದ ನಡುಗೆರೆಯಿಂದ ಎಷ್ಟು ಮಿಲಿಮೀಟರ್ ಹೊರಗಿದೆ ಅನ್ನುವ ಅಳತೆ), ಹೊರಬಲ್ಲ ಗರಿಷ್ಠ ತೂಕ, ತಯಾರಾದ ತಿಂಗಳು ಎಲ್ಲ ಎರಕದಲ್ಲೇ ಮೂಡಿರುತ್ತದೆ. ಜಪಾನಿನ ಮಾನದಂಡದ್ದಾದರೆ ಜೆಡಬ್ಲ್ಯುಎಲ್, ವಿಐಎ ಗುರುತು. ನಮ್ಮಲ್ಲಿ ಅಲಾಯ್ ವೀಲಿಗೆ ಎಐಎಸ್-073 ಅನ್ನುವ ಮಾನದಂಡ ಇದೆ. ತಿರುವಿನಲ್ಲಿ ಬೀಳುವ ಬಾಗುವ ಹೊರೆ, ನೇರ ಓಟದ ಹೊರೆ, ಆಮೇಲೆ ಹೊಡೆತ, ಮೂರಕ್ಕೂ ಪರೀಕ್ಷೆ ಉಂಟು. ಹೊಡೆತದ ಪರೀಕ್ಷೆಯಲ್ಲಿ ಚಕ್ರವನ್ನು 13 ಡಿಗ್ರಿ ಓರೆಯಾಗಿ ಇಟ್ಟು ಅಂಚಿನ ಮೇಲೆ ಭಾರ ಬೀಳಿಸುತ್ತಾರೆ. ಗುಂಡಿಗೆ ಬಿದ್ದಾಗ ಆಗುವುದೂ ಹೆಚ್ಚು ಕಡಿಮೆ ಅದೇ. ಗುರುತು ಸ್ಟಿಕ್ಕರಿನಲ್ಲಿದ್ದರೆ, ಅಥವಾ ಬಣ್ಣದ ಮೇಲೆ ಕೆತ್ತಿದ ಹಾಗೆ ಕಂಡರೆ ವಾಪಸ್ ಇಡಿ. ಏನೂ ಬರೆದಿಲ್ಲದ ರೆಪ್ಲಿಕಾ, ಅಂದರೆ ಹೆಸರಾಂತ ಡಿಸೈನಿನ ನಕಲು, ಹಗುರವಾಗಿದ್ದರೆ ಇನ್ನೂ ಭಯ. ಎಲ್ಲಿಂದ ಲೋಹ ಉಳಿಸಿದ್ದಾರೆ ಅಂತ ಹೇಗೆ ಗೊತ್ತಾಗಬೇಕು?

ಇನ್ನು ಇಂಚಿನ ವಿಷಯ. 185/65 ಆರ್15 ಟೈರಿನ ಸೈಡ್‌ವಾಲ್ (ಪಕ್ಕದ ಗೋಡೆ) ಎತ್ತರ 120 ಮಿಲಿಮೀಟರ್. 205/45 ಆರ್17ದು 92. ಒಟ್ಟು ವ್ಯಾಸ ನೋಡಿದರೆ 621 ಮತ್ತು 616, ಹೆಚ್ಚು ವ್ಯತ್ಯಾಸ ಇಲ್ಲ, ಸ್ಪೀಡೋಮೀಟರ್ ಕೆಡುವುದಿಲ್ಲ. ಅದಕ್ಕೇ ಅಂಗಡಿಯವರು "ಆರಾಮಾಗಿ ಕೂರುತ್ತದೆ" ಅನ್ನುತ್ತಾರೆ. ಕೂರುವುದು ನಿಜ. ಆದರೆ ರಿಮ್ಮಿಗೂ ಗುಂಡಿಗೂ ನಡುವೆ ಇದ್ದ ಗಾಳಿಯ ದಿಂಬಿನಲ್ಲಿ ಹತ್ತಿರ ಮೂರು ಸೆಂಟಿಮೀಟರ್ ಹೋಯಿತಲ್ಲ! ಮಳೆಗಾಲದಲ್ಲಿ ಪುಣೆಯ ಗುಂಡಿಗಳು ನೀರು ತುಂಬಿ ಸಪಾಟಾಗಿ ಕಾಣುತ್ತವೆ. ಕೊಲ್ಹಾಪುರದ ದಾರಿಯ ಡೈವರ್ಷನ್‌ಗಳಲ್ಲಿ ರಾತ್ರಿ ಏನೂ ಕಾಣುವುದಿಲ್ಲ.

ಜುಲೈ, ಆಗಸ್ಟಿನಲ್ಲಿ ನನ್ನ ಬ್ಯಾಲೆನ್ಸಿಂಗ್ ಮೆಷಿನ್ ಮೇಲೆ ಬರುವ 17 ಇಂಚಿನ ವೀಲ್‌ಗಳನ್ನು ನೀವು ನೋಡಬೇಕು. ಹೊರಗಿನಿಂದ ಲಕಲಕ. ತಿರುಗಿಸಿದರೆ ಒಳ ಅಂಚು ಎರಡು ಕಡೆ ಚಪ್ಪಟೆ. ಗಾಳಿ ವಾರಕ್ಕೆ ನಾಲ್ಕೈದು ಪಿಎಸ್‌ಐ ಇಳಿಯುತ್ತದೆ ಅಂತ ದೂರು, ಪಂಕ್ಚರ್ ಮಾತ್ರ ಎಲ್ಲೂ ಸಿಗುವುದಿಲ್ಲ. ಸೋಪಿನ ನೀರು ಹಚ್ಚಿ ಕಾದರೆ, ಬೆಂಡಾದ ಜಾಗದ ಪಕ್ಕ ಕೂದಲೆಳೆಯಷ್ಟು ಬಿರುಕಿನಿಂದ ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಏಳುತ್ತವೆ. "ವೆಲ್ಡಿಂಗ್ ಮಾಡಿಕೊಡಿ" ಅನ್ನುತ್ತಾರೆ. ನಾನು ಮಾಡುವುದಿಲ್ಲ. ಅಲಾಯ್‌ಗೆ ಗಟ್ಟಿತನ ಬಂದಿರುವುದು ಕಾರ್ಖಾನೆಯ ಹದ ಮಾಡಿದ ಶಾಖದಿಂದ. ಗ್ಯಾಸ್ ಬೆಂಕಿ ತೋರಿಸಿದರೆ ಆ ಹದ ಹೋಗುತ್ತದೆ, ಬೆಸುಗೆಯ ಪಕ್ಕದ ಲೋಹ ಮೆತ್ತಗಾಗುತ್ತದೆ. ಎಕ್ಸ್‌ಪ್ರೆಸ್‌ವೇಯಲ್ಲಿ 100ರ ವೇಗದಲ್ಲಿ ಅದನ್ನು ನಂಬುವುದು ಹೇಗೆ?

ಹಾಗಾಗಿ 15 ಬಂದ ಕಾರಿಗೆ 15, 16 ಬಂದ ಕಾರಿಗೆ 16. ಐ20 ಎನ್ ಲೈನ್‌ಗೆ ಕಂಪನಿಯೇ 195/55 ಆರ್16 ಕೊಟ್ಟಿದೆ, ಅದನ್ನು ದಾಟುವ ಅಗತ್ಯ ನನಗೆ ಕಾಣುವುದಿಲ್ಲ. ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ವಿವರಕ್ಕೆ ವಿರುದ್ಧವಾದ ಬದಲಾವಣೆ ಒಪ್ಪುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿಯಿತು. ಕಂಪನಿ ಅದೇ ಕಾರಿನ ಯಾವುದಾದರೂ ಮಾಡೆಲ್‌ಗೆ ಕೊಟ್ಟ ಸೈಜಿನಲ್ಲೇ ಉಳಿಯಿರಿ. ಹೊಸ ವೀಲ್ ಹಾಕಿದ್ದನ್ನು ಇನ್ಶೂರೆನ್ಸ್‌ನವರಿಗೆ ಬರೆದು ತಿಳಿಸಿ.

ಫಿಟ್ಟಿಂಗ್‌ನಲ್ಲಿ ಬೋಲ್ಟ್ ತೂತುಗಳ ವೃತ್ತ, ಅಂದರೆ ಪಿಸಿಡಿ, ಎಲ್ಲರಿಗೂ ಗೊತ್ತು. ಸ್ವಿಫ್ಟ್, ಐ20ಗೆ 4x100 (ನಾಲ್ಕು ತೂತು, 100 ಮಿಲಿಮೀಟರ್ ವೃತ್ತ), ಫೋರ್ಡ್ ಫಿಗೊಗೆ 4x108, ಪೋಲೊಗೆ 5x100. ಮರೆಯುವುದು ನಡುವಿನ ತೂತು. ಸ್ವಿಫ್ಟ್ ಹಬ್ಬಿನ ವ್ಯಾಸ 54.1 ಮಿಲಿಮೀಟರ್. ಹೊರಗಿನ ವೀಲ್‌ಗಳಲ್ಲಿ 67 ಅಥವಾ 73 ಇರುತ್ತದೆ, ಎಲ್ಲ ಕಾರಿಗೂ ಹೊಂದಲಿ ಅಂತ. ಆ ಸಂದಿಗೆ ಹಬ್ ರಿಂಗ್ ಹಾಕದಿದ್ದರೆ 80 ದಾಟಿದ ಮೇಲೆ ಸ್ಟೇರಿಂಗ್ ನಡುಗುತ್ತದೆ. ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗುವುದಿಲ್ಲ. ರಿಂಗಿನ ಬೆಲೆ ಕೆಲವು ನೂರು ರೂಪಾಯಿ ಅಷ್ಟೇ.

ಆಫ್‌ಸೆಟ್ ಲೆಕ್ಕ ಹಾಕದೆ ಅಗಲ ಮಾಡಬೇಡಿ. 5.5ಜೆ, ಆಫ್‌ಸೆಟ್ 45 ಇರುವ ಕಡೆ 7ಜೆ, ಆಫ್‌ಸೆಟ್ 35 ಹಾಕಿದರೆ ಚಕ್ರ 29 ಮಿಲಿಮೀಟರ್ ಹೊರಗೆ ಬರುತ್ತದೆ. ನೋಡಲು ಚೆಂದವೇ. ಬೇರಿಂಗ್ ಮೇಲೆ ಭಾರ, ಗುಂಡಿಗೆ ಸ್ಟೇರಿಂಗ್ ಎಳೆತ, ನಾಲ್ಕು ಜನ ಕೂತರೆ ಫೆಂಡರ್‌ಗೆ ಉಜ್ಜಾಟ. 185, 195ರ ಟೈರಿಗೆ 6ಜೆ ಸಾಕು.

ಟೈರಿನ ಬಗ್ಗೆ ನನ್ನ ಹಟ ಒಂದೇ. ದುಡ್ಡು ಒಂದಕ್ಕೇ ಇದ್ದರೆ ವೀಲ್ ಬಿಡಿ, ಟೈರ್ ಬದಲಿಸಿ. ಕಂಪನಿಯಿಂದ ಬರುವ ಟೈರ್ ಬಹುತೇಕ ಮೈಲೇಜ್ ಮತ್ತು ಬಾಳಿಕೆ ನೋಡಿ ಆರಿಸಿದ್ದು. ಒದ್ದೆ ರಸ್ತೆಯಲ್ಲಿ ಒಳ್ಳೆಯ ಹಿಡಿತದ ಟೈರ್ ಕೊಡುವ ವ್ಯತ್ಯಾಸವನ್ನು ಯಾವ ಫೋರ್ಜ್ಡ್ ವೀಲೂ ಕೊಡಲಾರದು. ಮೆತ್ತನೆ ರಬ್ಬರ್ ಬೇಗ ಸವೆಯುತ್ತದೆ, ಅದನ್ನು ಒಪ್ಪಿಕೊಂಡೇ ಕೊಳ್ಳಬೇಕು. ಲೋಡ್ ಇಂಡೆಕ್ಸ್, ಅಂದರೆ ಟೈರ್ ಹೊರಬಲ್ಲ ತೂಕದ ಅಂಕಿ, ಕಂಪನಿಯದಕ್ಕಿಂತ ಕೆಳಗೆ ಇಳಿಸಬೇಡಿ. 88 ಅಂದರೆ ಒಂದು ಟೈರಿಗೆ 560 ಕೆಜಿ, 84 ಅಂದರೆ 500. 2020ರ ಜೂನ್‌ನಿಂದ ಕಾರಿನ ಟೈರ್ ಆಮದಿಗೆ ಸರ್ಕಾರದ ಪರವಾನಗಿ ಬೇಕು. ಹೊರದೇಶದ ಕೆಲವು ಟೈರ್ ಅಪರೂಪವಾಗಿ, ಹಳೇ ಸ್ಟಾಕ್‌ನಲ್ಲಿ ಸಿಗುತ್ತವೆ. ಸೈಡ್‌ವಾಲ್ ಮೇಲಿನ ನಾಲ್ಕು ಅಂಕಿ ಓದಿ. 2624 ಅಂದರೆ 2024ರ 26ನೇ ವಾರ.

ಪೋಲೊದವರಿಗೆ ಒಂದು ಕಿವಿಮಾತು. ಕಂಪನಿ ಬೋಲ್ಟಿನ ಕತ್ತು ದುಂಡಗೆ ಇರುತ್ತದೆ, ಹೊರಗಿನ ವೀಲ್‌ನ ತೂತು ಹೆಚ್ಚಾಗಿ ಶಂಕುವಿನ ಆಕಾರ. ಹಳೆಯ ಬೋಲ್ಟನ್ನೇ ಬಿಗಿದರೆ ಅದು ಪೂರ್ತಿ ಕೂರುವುದಿಲ್ಲ, ಓಡುತ್ತಾ ಸಡಿಲವಾಗುತ್ತದೆ. ಹೊಸ ಬೋಲ್ಟ್ ತೊಗೊಳ್ಳಿ. ಹಳೆಯದನ್ನು ಎಸೆಯದೆ ಡಿಕ್ಕಿಯಲ್ಲಿಡಿ, ಸ್ಟೆಪ್ನಿ ಹಾಕುವ ದಿನ ಅದೇ ಬೇಕಾಗುತ್ತದೆ. ಗನ್‌ನಿಂದ ಟರ್ರ್ ಅಂತ ಬಿಗಿದು ಕಳಿಸುವವರ ಕೈಗೆ ಕೊಡಬೇಡಿ, ಟಾರ್ಕ್ ರೆಂಚ್ ಕೇಳಿ. ಪೋಲೊಗೆ 120 ನ್ಯೂಟನ್ ಮೀಟರ್, ಬೇರೆ ಕಾರಿಗೆ ಕೈಪಿಡಿಯಲ್ಲಿ ಬರೆದಿರುತ್ತದೆ. 50ರಿಂದ 100 ಕಿಲೋಮೀಟರ್ ಓಡಿಸಿ ಬಂದು ಇನ್ನೊಮ್ಮೆ ನೋಡಿಸಿ. ಅದಕ್ಕೆ ಯಾವ ಅಂಗಡಿಯವರೂ ದುಡ್ಡು ಕೇಳಬಾರದು, ನಾವಂತೂ ಕೇಳುವುದಿಲ್ಲ.