ಎರಿ ಮಣ್ಣಿನಲ್ಲಿ ಸೇವಂತಿಗೆ ಉಳಿಸಿಕೊಳ್ಳುವ ಬಗೆ

ಎಳ್ಳ ಅಮಾವಾಸ್ಯೆ ಹೊತ್ತಿಗೆ ವಿಜಯಪುರದ ಅಂಗಳಗಳಲ್ಲಿ ಮೈತುಂಬ ಅರಳಿದ ಸೇವಂತಿಗೆ, ಹೂ ಬಾಡಿದೊಡನೆ ತಿಪ್ಪೆ ಸೇರುತ್ತದೆ. ಹೀಗೆ ಕಿತ್ತೆಸೆದ ಗಿಡ ಬಹುತೇಕ ಜೀವಂತವಾಗಿಯೇ ಇರುತ್ತದೆ. ಡೇಸಿ ಬಳಗದ ಈ ಗಿಡ ಬಹುವಾರ್ಷಿಕ. ಮೇಲಿನ ಟೊಂಗೆ ಒಣಗಿದರೂ ಬುಡದಿಂದ ಹೊಸ ಮರಿಗಳು ಏಳುತ್ತವೆ.

ಹೂ ಮುಗಿದ ಮೇಲೆ ನಾಲ್ಕು ಇಂಚು ಬುಡ ಉಳಿಸಿ ಕತ್ತರಿಸಿ. ಬಿಸಿಲು 40 ಡಿಗ್ರಿ ಮುಟ್ಟುವ ಏಪ್ರಿಲ್, ಮೇ ತಿಂಗಳಲ್ಲಿ ಕುಂಡವನ್ನು ಬೆಳಗಿನ ಬಿಸಿಲಷ್ಟೇ ತಾಗುವ ಕಡೆ ಇಡಿ. ಕಾರಹುಣ್ಣಿಮೆ ಆಸುಪಾಸಿಗೆ ಬುಡ ಬಿಡಿಸಿ, ಬೇರು ಹಿಡಿದ ನಾಲ್ಕೈದು ಎಲೆಯ ಮರಿಗಳನ್ನು ಅಡಿಗೊಂದರಂತೆ ನೆಡಿ. ಕಟ್ಟಿಗೆಯಾದ ನಡುಬುಡ ಬೇಡ, ಅದರ ಚಿಗುರಿಗೆ ಕಸುವಿರುವುದಿಲ್ಲ.

ಬೇಸಿಗೆ ದಾಟಿದ ಗಿಡ ಮಳೆಗಾಲದಲ್ಲಿ ಸಾಯುವುದೇ ದೊಡ್ಡ ನಷ್ಟ. ಎರಿ ಮಣ್ಣಿನ ಜೇಡಿ ನೀರು ಕುಡಿದು ಉಬ್ಬಿದಾಗ ಗಾಳಿಯಾಡುವ ಸಂದುಗಳು ಮುಚ್ಚಿ, ಆಮ್ಲಜನಕ ಸಿಗದ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯಲಾರದು. ಹಾಗಾಗಿ ಹಸಿ ಮಣ್ಣಿನಲ್ಲೇ ಎಲೆ ಜೋಲುತ್ತದೆ. ಅದನ್ನು ಬಾಯಾರಿಕೆ ಎಂದುಕೊಂಡು ಮತ್ತೊಂದು ಚರಿಗೆ ನೀರು ಹೊಯ್ದರೆ ಗಿಡ ಹೋಯಿತು. ಮೊದಲು ಎರಡು ಇಂಚು ಆಳಕ್ಕೆ ಬೆರಳಿಟ್ಟು ನೋಡಿ; ಒಣಗಿದ್ದರೆ ಮಾತ್ರ ನೀರು. ನೆಲದಲ್ಲಿ ನೆಡುವವರು ಎಂಟು ಇಂಚು ಎತ್ತರದ ಮಡಿ ಮಾಡಲೇಬೇಕು. ಹತ್ತು ಇಂಚಿನ ಕುಂಡಕ್ಕೆ ಎರಡು ಪಾಲು ಕೆಂಪು ಮಣ್ಣು, ಒಂದೊಂದು ಪಾಲು ಮರಳು ಮತ್ತು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಸಾಕು. ಬೆಳಗಾವಿಯಲ್ಲಿ ಮಳೆ ಜಾಸ್ತಿ. ಅಲ್ಲಿ ಕೆಳಗಿನ ಎಲೆಗೆ ಕಪ್ಪು ಚುಕ್ಕೆ ಬಂದರೆ ಆ ಎಲೆ ಕಿತ್ತು ದೂರ ಹಾಕಿ. ಕುಡಿಗೆ ಹೇನು ಮುತ್ತಿದರೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ತುಸು ಸೋಪು ಕಲಸಿ ಸಂಜೆ ಸಿಂಪಡಿಸಿ.

ನೆಟ್ಟ ನಾಲ್ಕು ವಾರಕ್ಕೆ ಕುಡಿ ಚಿವುಟಿ. ತುದಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ಬೆಳವಣಿಗೆಯ ಹಾರ್ಮೋನು ಪಕ್ಕದ ಮೊಗ್ಗುಗಳನ್ನು ತಡೆದಿರುತ್ತದೆ. ತುದಿ ಹೋದರೆ ಅವು ಕವಲೊಡೆಯುತ್ತವೆ. ಮೂರು ವಾರ ಬಿಟ್ಟು ಇನ್ನೊಮ್ಮೆ ಚಿವುಟಿ, ಆಗಸ್ಟ್ ಕೊನೆಗೆ ನಿಲ್ಲಿಸಿ.

ಇಷ್ಟಾದರೂ ಮೊಗ್ಗೇ ಬಾರದಿದ್ದರೆ ರಾತ್ರಿ ಹೊರಗೆ ಬಂದು ಬೀದಿ ದೀಪ ಎಲ್ಲಿದೆ ನೋಡಿ. ಹಗಲಿನ ಉದ್ದಕ್ಕೆ ತಕ್ಕಂತೆ ಗಿಡಗಳು ಹೂಬಿಡುತ್ತವೆ ಎಂಬುದನ್ನು 1920ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಗಾರ್ನರ್ ಮತ್ತು ಅಲಾರ್ಡ್ ತೋರಿಸಿದರು. ಸೇವಂತಿಗೆಗೆ ಬೇಕಾದದ್ದು ಮುರಿಯದ ಉದ್ದನೆಯ ಕತ್ತಲೆ. ಅದನ್ನು ಅಳೆಯುವುದು ಕುಡಿಯಲ್ಲ, ಎಲೆ. 1930ರ ದಶಕದಲ್ಲಿ ಸೋವಿಯತ್ ವಿಜ್ಞಾನಿ ಚೈಲಖ್ಯಾನ್ ಇದನ್ನು ಕಂಡುಕೊಂಡದ್ದು ಸೇವಂತಿಗೆಯ ಮೇಲೆಯೇ. ಆದ್ದರಿಂದ ಕುಡಿಗೆ ಮರೆ ಮಾಡಿದರೆ ಸಾಲದು, ಇಡೀ ಕುಂಡವನ್ನು ಸೆಪ್ಟೆಂಬರಿನಲ್ಲೇ ದೀಪ ಬೀಳದ ಗೋಡೆಯ ಮಗ್ಗುಲಿಗೆ ಸರಿಸಬೇಕು.