ತರಕಾರಿ ತಿನ್ನದ ಮಗು, ಮೂರು ಕೂಗಿನ ಕುಕ್ಕರ್

"ನಮ್ಮ ಹುಡುಗ ತರಕಾರಿ ಮುಟ್ಟೋದೇ ಇಲ್ಲ ಮೇಡಂ. ಕರಿಬೇವಿನ ಜೊತೆ ಬೀನ್ಸನ್ನೂ ಆರಿಸಿ ತಟ್ಟೆ ಅಂಚಿಗೆ ಇಡ್ತಾನೆ."

ತೂಕ, ಎತ್ತರ ನೋಡಿಕೊಂಡ ಮೇಲೆ ನಾನು ಕೇಳುವ ಮೊದಲ ಪ್ರಶ್ನೆ, ಪಲ್ಯ ಹೇಗೆ ಮಾಡುತ್ತೀರಿ ಎನ್ನುವುದು. ಬೆಂಗಳೂರಿನ ಮನೆಗಳಲ್ಲಿ ಉತ್ತರ ಹೆಚ್ಚುಕಡಿಮೆ ಒಂದೇ. ಏಳೂವರೆಗೆ ಸ್ಕೂಲ್ ವ್ಯಾನ್ ಬರುತ್ತದೆ, ಅಷ್ಟರಲ್ಲಿ ತಿಂಡಿಯೂ ಆಗಬೇಕು, ಡಬ್ಬಿಯೂ ತುಂಬಬೇಕು. ಹೆಚ್ಚಿದ ತರಕಾರಿಗೆ ನೀರು, ಉಪ್ಪು ಹಾಕಿ ಕುಕ್ಕರ್ ಮೂರು ಸಲ ಕೂಗಿಸಿ, ಮೇಲೊಂದು ಒಗ್ಗರಣೆ. ಬೀನ್ಸ್ ಆದರೂ ಅಷ್ಟೇ, ಎಲೆಕೋಸಾದರೂ ಅಷ್ಟೇ, ನವಿಲುಕೋಸಾದರೂ ಅಷ್ಟೇ. ಆ ಪಲ್ಯವನ್ನು ನನ್ನ ಮುಂದಿಟ್ಟರೆ ನಾನೂ ಅಂಚಿಗೆ ಸರಿಸುವವಳೇ.

ಎಲೆಕೋಸು, ಹೂಕೋಸು, ನವಿಲುಕೋಸು, ಮೂಲಂಗಿ ಎಲ್ಲವೂ ಸಾಸಿವೆಯ ನೆಂಟರು. ಇವುಗಳಲ್ಲಿ ಗಂಧಕ ಸೇರಿದ ಸಂಯುಕ್ತಗಳಿರುತ್ತವೆ. ಬೇಯುವ ಹೊತ್ತು ಹೆಚ್ಚಿದಷ್ಟೂ ಅವು ಒಡೆದು ಕೊಳೆತ ಮೊಟ್ಟೆಯ ವಾಸನೆಯ ಅನಿಲ ಹೊರಬರುತ್ತದೆ. ತೆರೆದ ಬಾಣಲೆಯಲ್ಲಾದರೆ ಅದು ಗಾಳಿಗೆ ಹೋಗುತ್ತದೆ. ಮುಚ್ಚಿದ ಕುಕ್ಕರಿನಲ್ಲಿ ಬಹುಪಾಲು ಪಲ್ಯದೊಳಗೇ ಉಳಿಯುತ್ತದೆ. "ಕೋಸು ನಾರುತ್ತೆ" ಅನ್ನುವ ಮಗು ಹಟ ಮಾಡುತ್ತಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದೆ.

ಇನ್ನು ಕಹಿಯ ವಿಚಾರ. 1931ರಲ್ಲಿ ಅಮೆರಿಕದ ರಸಾಯನತಜ್ಞ ಆರ್ಥರ್ ಫಾಕ್ಸ್ ಅವರ ಪ್ರಯೋಗಾಲಯದಲ್ಲಿ ಪಿಟಿಸಿ ಎಂಬ ಪುಡಿ ಗಾಳಿಗೆ ಹಾರಿತು. ಪಕ್ಕದಲ್ಲಿದ್ದ ಸಹೋದ್ಯೋಗಿ ಬಾಯೆಲ್ಲ ಕಹಿ ಎಂದರು, ಫಾಕ್ಸ್‌ಗೆ ಏನೂ ಗೊತ್ತಾಗಲಿಲ್ಲ. ಈ ವ್ಯತ್ಯಾಸ ವಂಶವಾಹಿಯಿಂದ ಬರುತ್ತದೆ ಎಂದು ಆಮೇಲೆ ತಿಳಿಯಿತು. ಕೋಸಿನ ಜಾತಿಯ ಕಹಿಯನ್ನು ನಾಲಿಗೆ ಎಷ್ಟು ಗುರುತಿಸುತ್ತದೆ ಎಂಬುದರಲ್ಲೂ ಅದೇ ವಂಶವಾಹಿಯ ಕೈವಾಡವಿದೆ. "ಅವರಕ್ಕ ತಿಂತಾಳೆ, ಇವನಿಗೇನು ಬಂತು?" ಎನ್ನುವ ಅಜ್ಜಿಯರಿಗೆ ನಾನು ಹೇಳುವುದು ಇದನ್ನೇ: ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೂ ನಾಲಿಗೆ ಬೇರೆ ಇರಬಹುದು. ಸಾಲದ್ದಕ್ಕೆ ಮಕ್ಕಳ ನಾಲಿಗೆಗೆ ಕಹಿ ದೊಡ್ಡವರಿಗಿಂತ ಚುರುಕಾಗಿ ಮುಟ್ಟುತ್ತದೆ.

ಹಾಗಾದರೆ ಮಾಡುವುದೇನು? ಎಲೆಕೋಸನ್ನು ಎಳೆಎಳೆಯಾಗಿ ಹೆಚ್ಚಿ. ಅಗಲ ಬಾಣಲೆಯಲ್ಲಿ ಒಗ್ಗರಣೆ ಸಿಡಿದ ಮೇಲೆ ಉರಿ ಜೋರಾಗಿಟ್ಟು, ಮುಚ್ಚಳ ಹಾಕದೆ, ನೀರು ಚಿಮುಕಿಸದೆ ಐದಾರು ನಿಮಿಷ ಬಾಡಿಸಿ. ಉಪ್ಪು ಕೊನೆಯಲ್ಲಿ. ಮೊದಲೇ ಹಾಕಿದರೆ ನೀರು ಬಿಟ್ಟುಕೊಂಡು ಮತ್ತೆ ಬೇಯಿಸಿದ ಹಾಗೇ ಆಗುತ್ತದೆ. ಹೂಕೋಸಾದರೆ ಇನ್ನೂ ತಾಳ್ಮೆ ಬೇಕು. ಅಂಚು ಕಂದುಬಣ್ಣಕ್ಕೆ ತಿರುಗುವವರೆಗೆ ಬಿಡಿ, ಪದೇಪದೇ ಕೈಯಾಡಿಸಬೇಡಿ. ಆ ಕಂದು ಅಂಚಿನಲ್ಲೇ ಘಮವಿರುವುದು. ಅದು ಬರಬೇಕಾದರೆ ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ನಮ್ಮೂರಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ, ಕುಕ್ಕರಿನೊಳಗೂ ಶಾಖ 120 ಡಿಗ್ರಿ ದಾಟುವುದು ಕಷ್ಟ. ಪಾತ್ರೆಯಲ್ಲಿ ನೀರಿರುವ ತನಕ ತರಕಾರಿ ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ಇಳಿಸುವ ಮುಂಚೆ ಒಂದು ಚಮಚ ಹುಚ್ಚೆಳ್ಳು ಪುಡಿಯೋ ಕಡಲೆಕಾಯಿ ಬೀಜದ ಪುಡಿಯೋ ಉದುರಿಸಿದರೆ, ಮಕ್ಕಳು ಕೇಳಿ ಹಾಕಿಸಿಕೊಳ್ಳುವುದೂ ಉಂಟು.

ಬೆಂಡೆಕಾಯಿಯ ತೊಂದರೆ ವಾಸನೆಯಲ್ಲ, ಲೋಳೆ. ಹೆಚ್ಚುವ ಮುಂಚೆಯೇ ತೊಳೆದು ಬಟ್ಟೆಯಲ್ಲಿ ಒರೆಸಿ, ಉಪ್ಪಿಲ್ಲದೆ, ಮುಚ್ಚದೆ ಹುರಿದು, ಲೋಳೆ ಆರಿದ ಮೇಲೆ ಗೊಜ್ಜಿಗೋ ಮಜ್ಜಿಗೆ ಹುಳಿಗೋ ಹಾಕಿ. ಹುಳಿ ಬಿದ್ದರೆ ಉಳಿದ ಲೋಳೆಯೂ ಮುರಿಯುತ್ತದೆ.

ಹಾಗಲಕಾಯಿ ಗೊಜ್ಜನ್ನು ಕಂಡುಹಿಡಿದ ಅಜ್ಜಿ ಯಾರೋ ಗೊತ್ತಿಲ್ಲ, ಆಕೆಗೆ ನನ್ನ ನಮಸ್ಕಾರ. ಉಪ್ಪು ಸವರಿ ಹಿಂಡಿದರೆ ಕಹಿ ರಸ ಒಂದಷ್ಟು ಹೊರಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಉಪ್ಪಿನ ಕೆಲಸ ಅಲ್ಲಿಗೇ ಮುಗಿಯುವುದಿಲ್ಲ. ಅದರಲ್ಲಿರುವ ಸೋಡಿಯಂ ನಾಲಿಗೆಯ ಮೇಲೇ ಕಹಿಯನ್ನು ಅದುಮಿಡುತ್ತದೆ. ಕಹಿ ತಗ್ಗಿದಾಗ, ಅದರಡಿ ಮುಚ್ಚಿಹೋಗಿದ್ದ ಸಿಹಿ ಮೇಲೇಳುತ್ತದೆ. 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದರ ಪ್ರಯೋಗ ಪ್ರಕಟವಾಯಿತು. ಗೊಜ್ಜಿನಲ್ಲಿ ಉಪ್ಪು, ಬೆಲ್ಲ, ಹುಣಸೆ ಮೂರೂ ಸೇರಿ ಮಾಡುವುದು ಇದನ್ನೇ. ಕಹಿ ಅನ್ನಿಸಿದಾಗ ಬೆಲ್ಲವನ್ನೇ ಸುರಿಯುತ್ತಾ ಹೋಗುವ ಬದಲು ಉಪ್ಪು ಸರಿಯಾಗಿದೆಯೇ ಎಂದು ಮೊದಲು ನೋಡಿ. (ಒಂದು ವರ್ಷ ತುಂಬದ ಕೂಸಿನ ಊಟಕ್ಕೆ ಮಾತ್ರ ಉಪ್ಪು ಬೇಡ.)

ಹುಣಸೆ ರಸ ಹಾಕುವ ಹೊತ್ತೂ ಮುಖ್ಯ. ಹುಳಿಯಲ್ಲಿ ತರಕಾರಿ ಬೇಗ ಮೆತ್ತಗಾಗುವುದಿಲ್ಲ. ಎಲ್ಲ ಒಟ್ಟಿಗೆ ಕುಕ್ಕರಿಗೆ ಹಾಕಿದ ದಿನ ಬೀನ್ಸ್ ಗಟ್ಟಿಯಾಗಿಯೂ ಇರುತ್ತದೆ, ಹಸಿರು ಕಳೆದು ಕಂದಾಗಿಯೂ ಇರುತ್ತದೆ. ಬೇಳೆ, ತರಕಾರಿ ಬೆಂದ ಮೇಲೆ ಹುಣಸೆ, ಆಮೇಲೆ ಹುಳಿಪುಡಿ ಎಂಬ ಹಳೆಯ ಕ್ರಮವೇ ಸರಿ. ಬೀಟ್‌ರೂಟಿಗೆ ಮಾತ್ರ ಹುಳಿ ಧಾರಾಳವಾಗಿ ಬೇಕು. ಅದರ ಮಣ್ಣುವಾಸನೆಗೆ ಕಾರಣ ಜಿಯೋಸ್ಮಿನ್ ಎಂಬ ವಸ್ತು, ಹುಳಿಯಲ್ಲಿ ಅದು ಒಡೆಯುತ್ತದೆ. ಪಲ್ಯಕ್ಕೆ ನಿಂಬೆ ಹಿಂಡಿ, ಇಲ್ಲವೇ ಮೊಸರು ಬೆರೆಸಿ ಪಚಡಿ ಮಾಡಿ.

ಸೀಮೆಬದನೆಕಾಯಿಯನ್ನು ತಮಿಳರು ಬೆಂಗಳೂರು ಬದನೆಕಾಯಿ ಎಂದು ಕರೆಯುತ್ತಾರೆ. ಹೆಸರು ನಮ್ಮೂರದ್ದು, ರುಚಿ ಬರೀ ನೀರು. ಅದನ್ನು ಸಾಗುವಿಗೆ ಬಿಟ್ಟುಬಿಡುವುದು ವಾಸಿ. ಸೊಪ್ಪಿನ ಪಲ್ಯ ನಾರಾಗುತ್ತದೆ ಎಂದು ಉಗಿಯುವ ಮಗು ಅದೇ ಸೊಪ್ಪನ್ನು ಮಸ್ಸೊಪ್ಪು ಮಾಡಿ ಮುದ್ದೆ ಜೊತೆ ಕೊಟ್ಟರೆ ನುಂಗುತ್ತದೆ.

ಬೀಟ್‌ರೂಟ್ ರುಬ್ಬಿ ದೋಸೆಹಿಟ್ಟಿಗೆ, ಪಾಲಕ್ ರುಬ್ಬಿ ಚಪಾತಿಗೆ, ಹೀಗೆ ಅಡಗಿಸಿ ತಿನ್ನಿಸುವುದು ಈಗ ಎಲ್ಲೆಡೆ ಇದೆ. ನನಗದು ಪೂರ್ತಿ ಒಪ್ಪಿಗೆಯಿಲ್ಲ. ಆ ದಿನದ ಮಟ್ಟಿಗೆ ಒಂದಿಷ್ಟು ತರಕಾರಿ ಹೊಟ್ಟೆಗೆ ಹೋಯಿತು, ನಿಜ. ಆದರೆ ಮಗುವಿಗೆ ಅಭ್ಯಾಸವಾದದ್ದು ಕೆಂಪು ದೋಸೆ, ಬೀಟ್‌ರೂಟ್ ಅಲ್ಲ. ಎರಡರಿಂದ ಆರು ವರ್ಷದವರೆಗೆ ಹೊಸ ತಿನಿಸನ್ನು ಅನುಮಾನಿಸುವುದು ಸಹಜ. ಅದನ್ನು ಒಪ್ಪಿಕೊಳ್ಳಲು ಹಲವು ಮಕ್ಕಳಿಗೆ ಎಂಟರಿಂದ ಹದಿನೈದು ಸಲ ರುಚಿ ನೋಡಬೇಕಾಗುತ್ತದೆ. ಮನೆಯವರು ಮೂರನೆಯ ಸಲಕ್ಕೇ "ಇವನಿಗೆ ಸೇರಲ್ಲ" ಎಂದು ಷರಾ ಬರೆದುಬಿಡುತ್ತಾರೆ. ಅದೂ ಮಗುವಿನ ಎದುರಿಗೇ. ಬಟಾಣಿ ಕಾಳಿನಷ್ಟು ಬಡಿಸಿ, ತಿಂದರೂ ಬಿಟ್ಟರೂ ಮಾತಾಡಬೇಡಿ. "ಪಲ್ಯ ತಿಂದ್ರೆ ಚಾಕೊಲೇಟ್" ಎಂದ ದಿನ ಪಲ್ಯ ಶಿಕ್ಷೆಯಾಯಿತು, ಚಾಕೊಲೇಟ್ ಬಹುಮಾನವಾಯಿತು. ಊಟಕ್ಕೆ ಅರ್ಧ ಗಂಟೆ ಮುಂಚೆ ಲೋಟ ತುಂಬ ಹಾಲು ಕುಡಿಸಿ, ಆಮೇಲೆ ಹಸಿವಿಲ್ಲ ಎಂದು ದೂರುವವರೂ ಇದ್ದಾರೆ.

ಅಪ್ಪಂದಿರ ತಟ್ಟೆಯನ್ನೂ ನೋಡಬೇಕು. ದೊಡ್ಡವರಿಗೆ ದಿನಕ್ಕೆ ಸೊಪ್ಪೂ ಸೇರಿ 400 ಗ್ರಾಂ ತರಕಾರಿ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಹೇಳುತ್ತದೆ. ಹುಳಿಯಲ್ಲಿರುವ ಬದನೆಯನ್ನು ಅಪ್ಪ ಅಂಚಿಗೆ ಸರಿಸುತ್ತಿದ್ದರೆ ಮಗನಿಗೆ ಬೇರೆ ಪಾಠ ಬೇಕಿಲ್ಲ.

ತೂಕ ಏರದೆ ನಿಂತಿದ್ದರೆ, ಗಂಟಲಿಗೆ ಸಿಕ್ಕಿಸಿಕೊಂಡು ಪದೇಪದೇ ಓಕರಿಸಿದರೆ, ತಿನ್ನುವ ಪದಾರ್ಥಗಳು ಬೆರಳೆಣಿಕೆಗೆ ಇಳಿಯುತ್ತಿದ್ದರೆ ಅಡುಗೆ ಬದಲಿಸುತ್ತಾ ಕೂರದೆ ಮಕ್ಕಳ ವೈದ್ಯರಿಗೆ ತೋರಿಸಿ. ನಾಲ್ಕು ವರ್ಷದೊಳಗಿನವರಿಗೆ ಹಸಿ ಕ್ಯಾರೆಟ್ಟನ್ನು ಬಿಲ್ಲೆಯಾಗಿ ಕೊಡಬೇಡಿ, ಗಂಟಲಿಗೆ ಅಡರುವ ಅಪಾಯವಿದೆ. ತುರಿದು ಕೊಡಿ.

ಕೊನೆಗೆ ಡಬ್ಬಿಯ ಮಾತು, ಬೆಳಗಿನ ಅವಸರವೆಲ್ಲ ಅದಕ್ಕೇ ತಾನೇ. ಬಿಸಿ ಪಲ್ಯವನ್ನು ಹಾಗೇ ಮುಚ್ಚಿದರೆ ಡಬ್ಬಿಯೊಳಗೂ ಬೇಯುತ್ತಲೇ ಇರುತ್ತದೆ. ಮಧ್ಯಾಹ್ನ ಮುಚ್ಚಳ ತೆಗೆದಾಗ ಕೋಸಿನ ವಾಸನೆಗೆ ಪಕ್ಕದ ಹುಡುಗರು ಮೂಗು ಮುಚ್ಚಿದರೆ, ನಿಮ್ಮ ಮಗ ಮತ್ತೆ ಅದನ್ನು ಒಯ್ಯುವುದಿಲ್ಲ. ತಟ್ಟೆಯಲ್ಲಿ ಹರಡಿ, ಹಬೆ ಹೋದ ಮೇಲೆ ತುಂಬಿ. ಕೋಸು, ಮೂಲಂಗಿ ರಾತ್ರಿ ಊಟಕ್ಕಿರಲಿ. ಡಬ್ಬಿಗೆ ಹುರಿದ ಬೆಂಡೆ, ತೆಂಗಿನತುರಿ ಹಾಕಿದ ಬೀನ್ಸ್, ವಾಂಗಿಬಾತ್ ಆಗುತ್ತವೆ. ಕೋಸಂಬರಿ ಕಳಿಸುವುದಾದರೆ ಹೆಸರುಬೇಳೆ, ಕ್ಯಾರೆಟ್ ತುರಿ ಹಾಗೇ ಇರಲಿ, ಸೌತೆಕಾಯಿ ಬೇಡ. ಉಪ್ಪನ್ನು ಒಂದು ಪುಟ್ಟ ಪೊಟ್ಟಣದಲ್ಲಿ ಕಟ್ಟಿಕೊಡಿ, ತಿನ್ನುವಾಗ ಅವನೇ ಬೆರೆಸಿಕೊಳ್ಳಲಿ. ಮೊದಲೇ ಬೆರೆಸಿದರೆ ಮಧ್ಯಾಹ್ನದ ಹೊತ್ತಿಗೆ ನೀರು ಬಿಟ್ಟಿರುತ್ತದೆ.