ಮೀನುಗಾರ ಬೆಕ್ಕಿನ ಒಳತುಪ್ಪಳ

ಜೌಗುನೆಲದಲ್ಲಿ ಮೀನು ಹಿಡಿದು ಬದುಕುವ ಕಾಡುಬೆಕ್ಕು ಮೀನುಗಾರ ಬೆಕ್ಕು. ಅದರ ಬಗ್ಗೆ ಬರೆಯುವವರೆಲ್ಲ ಮೊದಲು ಹೊಗಳುವುದು ಅದರ ಜಾಲಪಾದವನ್ನು. ನನಗೆ ಇದನ್ನು ಓದಿ ಓದಿ ಸಾಕಾಗಿದೆ. ಬೆರಳುಗಳ ನಡುವೆ ಚರ್ಮದ ಪರೆ ಇರುವುದು ನಿಜ. ಆದರೆ ಮೀನು ಬೇಟೆಗೆ ಹೆಸರಾಗದ ಅಮೆರಿಕದ ಬಾಬ್‌ಕ್ಯಾಟ್ ಎಂಬ ಕಾಡುಬೆಕ್ಕಿನ ಪಾದದಲ್ಲೂ ಹೆಚ್ಚುಕಡಿಮೆ ಅಷ್ಟೇ ಪರೆ ಇದೆ.

ನಿಜವಾದ ಸೋಜಿಗ ಇರುವುದು ತುಪ್ಪಳದಲ್ಲಿ. ಗಾಳಿಗೆ ಹೋಲಿಸಿದರೆ ನೀರು ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಹಾಗಾಗಿ ಚರ್ಮ ನೆನೆದರೆ ಮೈಯ ಬಿಸಿ ಸರಸರನೆ ಸೋರಿಹೋಗುತ್ತದೆ. ಹದಿನೈದು ಕಿಲೋ ತೂಗುವುದೂ ಅಪರೂಪವಾದ ಪುಟ್ಟ ಪ್ರಾಣಿಗೆ ಈ ನಷ್ಟ ದುಬಾರಿ. ಈ ಬೆಕ್ಕಿನ ಚರ್ಮಕ್ಕೆ ಅಂಟಿಕೊಂಡಂತೆ ಗಿಡ್ಡನೆಯ, ಬಲು ದಟ್ಟವಾದ ಒಳತುಪ್ಪಳವಿದೆ. ಅದರ ಮೇಲೆ ಉದ್ದನೆಯ ಒರಟು ಕೂದಲು. ಉಣ್ಣೆಯ ಬನಿಯನ್ನಿನ ಮೇಲೆ ಮಳೆಕೋಟು ತೊಟ್ಟ ಹಾಗೆ. ಒಳಪದರ ಗಾಳಿಯನ್ನು ಹಿಡಿದಿಟ್ಟುಕೊಂಡು ನೀರು ಚರ್ಮ ಮುಟ್ಟದಂತೆ ತಡೆಯುತ್ತದೆ. ಹಾಗಾಗಿಯೇ ಅದು ದಡದಲ್ಲಿ ಕುಳಿತು ಪಂಜದಿಂದ ಮೀನು ಸೆಳೆಯುವುದಷ್ಟೇ ಅಲ್ಲ, ಮುಳುಗಿಯೂ ಹಿಡಿಯಬಲ್ಲದು. ಬೆಕ್ಕಿಗೆ ನೀರೆಂದರೆ ಆಗದು ಎಂಬ ನಮ್ಮ ಪಾಠ ಮನೆಬೆಕ್ಕಿಗಷ್ಟೇ ಸರಿ.

ಲಂಡನ್ನಿನ ಝೂಲಾಜಿಕಲ್ ಸೊಸೈಟಿಯ ಎಡ್ವರ್ಡ್ ಟರ್ನರ್ ಬೆನೆಟ್ 1833ರಲ್ಲೇ ಈ ಬೆಕ್ಕನ್ನು ವಿಜ್ಞಾನಕ್ಕೆ ಪರಿಚಯಿಸಿದ. ಆದರೂ ಬಂಗಾಳದ ಹಳ್ಳಿಗಳಲ್ಲಿ ಇದನ್ನು ಕಂಡಾಗ ಇಂದಿಗೂ ಹುಲಿ ಬಂತೆಂಬ ಗುಲ್ಲು ಏಳುತ್ತದೆ, ಜನ ದೊಣ್ಣೆ ಹಿಡಿಯುತ್ತಾರೆ. ತಮಾಷೆಯೆಂದರೆ, ಅದು ಅದೇ ಪಶ್ಚಿಮ ಬಂಗಾಳದ ರಾಜ್ಯಪ್ರಾಣಿ!

ಸುಂದರಬನ, ಗೋದಾವರಿ ಮುಖಜದ ಕೋರಿಂಗ ಅಭಯಾರಣ್ಯ ಇದರ ಹೆಸರಾಂತ ನೆಲೆಗಳು. ಆದರೆ ಪಶ್ಚಿಮ ಬಂಗಾಳದ ಹಾವ್ಡಾದಂಥ ಜಿಲ್ಲೆಗಳಲ್ಲಿ ಇದು ಬದುಕುವುದು ಊರಂಚಿನ ಜೊಂಡು ಹುಲ್ಲಿನಲ್ಲಿ, ಖಾಸಗಿ ಜಮೀನಿನಲ್ಲಿ. ಒಡಿಶಾದ ಚಿಲಿಕಾ ಸರೋವರದಲ್ಲಿ ಸಂರಕ್ಷಿತ ಪ್ರದೇಶದ ಹೊರಗೂ ಕ್ಯಾಮೆರಾ ಇಟ್ಟು, ಮೈಮೇಲಿನ ಚುಕ್ಕೆಗಳಿಂದ ಒಂದೊಂದು ಬೆಕ್ಕನ್ನೂ ಗುರುತಿಸಿ ಲೆಕ್ಕ ಹಾಕಿದಾಗ 176 ಬೆಕ್ಕುಗಳಿವೆ ಎಂಬ ಅಂದಾಜು 2022ರಲ್ಲಿ ಹೊರಬಿತ್ತು. ಮೀನುಗಾರರ ದೋಣಿಗಳ ನಡುವೆಯೇ ಇಷ್ಟು!

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪುಪಟ್ಟಿಯಲ್ಲಿ ಇದು ‘ವಲ್ನರಬಲ್’, ಅಂದರೆ ಅಪಾಯಕ್ಕೆ ಈಡಾಗಬಲ್ಲ ಪ್ರಾಣಿ. ನಮ್ಮ ವನ್ಯಜೀವಿ ಕಾಯಿದೆ ಇದನ್ನು ಅತಿ ಹೆಚ್ಚಿನ ರಕ್ಷಣೆ ಕೊಡುವ ಒಂದನೆಯ ಅನುಸೂಚಿಯಲ್ಲಿ ಇಟ್ಟಿದೆ. ಕೊಂದವನಿಗೆ ಜೈಲುಂಟು. ಆದರೆ ಜೊಂಡಿಗೆ ಮಣ್ಣು ತುಂಬಿ ನಿವೇಶನ ಮಾಡುವವನಿಗೆ, ಸೀಗಡಿ ಕೊಳ ತೋಡುವವನಿಗೆ ಆ ಅನುಸೂಚಿಯ ಬಿಸಿ ತಟ್ಟುವುದೇ ಅಪರೂಪ. 2017ರ ಜೌಗುಭೂಮಿ ನಿಯಮಗಳಂತೂ ನದಿಪಾತ್ರ, ಭತ್ತದ ಗದ್ದೆ, ಮೀನು ಸಾಕಣೆಗೆಂದು ತೋಡಿದ ಕೊಳ ಇವನ್ನೆಲ್ಲ ಜೌಗುಭೂಮಿಯ ವ್ಯಾಖ್ಯೆಯಿಂದಲೇ ಹೊರಗಿಟ್ಟಿವೆ. ಬೆಕ್ಕು ರಾತ್ರಿ ಬೇಟೆಗೆ ಇಳಿಯುವ ಜಾಗಗಳಲ್ಲಿ ಇವೂ ಸೇರಿವೆ.